ಎಡಗೈ ಕತ್ತರಿ

ಆ ಓಣಿಯವರು ಗಂಡನನ್ನು ಕತ್ತರಿ ಮೇಷ್ಟ್ರು ಎನ್ನುತ್ತಿದ್ದರು, ಹೆಂಡತಿಯನ್ನು ಸೂಜಿಯಕ್ಕ. ಇಬ್ಬರೂ ಸೇರಿದರೆ ಒಬ್ಬ ದರ್ಜಿ ಎಂಬುದು ಓಣಿಯ ತಮಾಷೆ. ಕತ್ತರಿಸುವುದು ಅವರ ಪಾಲು, ಹೊಲಿಯುವುದು ಇವಳ ಪಾಲು. ಮದುವೆಯಾಗಿ ಬಂದ ಮೇಲೆ ಅವಳು ಕರವಸ್ತ್ರದಷ್ಟು ಬಟ್ಟೆಗೂ ಕತ್ತರಿ ಇಟ್ಟವಳಲ್ಲ. "ನೀನು ತಪ್ಪಿದ್ರೆ ಹೊಲಿಗೆ ಬಿಚ್ಚಿದರಾಯ್ತು. ನಾನು ತಪ್ಪಿದ್ರೆ ಗಿರಾಕಿ ನನ್ನ ಚರ್ಮ ಬಿಚ್ತಾನೆ" ಎಂದು ಮೇಷ್ಟ್ರು ಮೀಸೆಯಡಿ ನಗುತ್ತಿದ್ದರು.

ಪ್ರಾರ್ಥನೆಯೂ ಹಾಗೆಯೇ ಪಾಲಾಗಿತ್ತು. ಹೊಸ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಅದರ ಮೇಲೆ ಅಂಗೈ ಊರಿ, ತೊಡುವವರಿಗೆ ಒಳಿತಾಗಲೆಂದು ಅವರು ಕರ್ತನನ್ನು ಬೇಡಿಕೊಳ್ಳುವರು. ಅವಳು ಮೇಜಿನ ಎಡತುದಿಯಲ್ಲಿ ಬಟ್ಟೆ ಬಿಗಿಹಿಡಿದು ನಿಂತು "ಆಮೆನ್" ಎನ್ನುವಳು. ಆಮೇಲೆಯೇ ಕತ್ತರಿ ಬಾಯಿ ತೆರೆಯುತ್ತಿತ್ತು.

ಒಂದು ದಿನ ಓಣಿಯ ಬೇಕರಿಯವನ ಕೋಟಿನ ಬಟ್ಟೆಗೆ ಆಮೆನ್ ಆಗಿತ್ತು, ಕೊರಳೊಂದು ಬಿಟ್ಟು ಗುರುತೂ ಬಿದ್ದಿತ್ತು. ಕೊರಳಿನ ಗೆರೆ ಎಳೆಯುತ್ತಿದ್ದ ಮೇಷ್ಟ್ರು ಚಾಕ್ ಹಿಡಿದಂತೆಯೇ ಕುಸಿದರು. ಗೆರೆ ದಾರಿ ಬಿಟ್ಟು ಅಂಚಿನವರೆಗೂ ಜಾರಿತ್ತು. ಅವಳು ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡಿ ಬಂದ ಜನ ಕರಗಿದ ಮೇಲೆ ನಾದಿನಿ ಒಬ್ಬಳು ಉಳಿದಳು. "ಅತ್ತಿಗೆ, ಅಂಗಡಿ ಕೊಟ್ಟುಬಿಡಿ. ನಮ್ಮನೇಲಿ ಒಂದು ಮೂಲೆ ಇದೆ."

"ಮೂಲೇಲಿ ಕೂತು ಏನು ಮಾಡಲಿ, ಜೇಡದ ಜೊತೆ ನೇಯಲಾ?"

"ಕತ್ತರಿ ಹಿಡಿಯೋಕೆ ಬರದೋರು ದರ್ಜಿ ಅಂಗಡಿ ಇಟ್ಕೊಂಡು ತಾನೇ ಏನು ಮಾಡ್ತೀರಿ?"

ಸೂಜಿಯಕ್ಕ ನಾದಿನಿಯ ಚೀಲ ಎತ್ತಿಕೊಂಡು ಬಸ್ಸಿನವರೆಗೆ ಹೋದಳು. ನಾದಿನಿ ಬಸ್ಸು ಹತ್ತಿದಳು. ಮನೆ ಬಾವಿಯಂತಾಯಿತು. ಊಟಕ್ಕೆ ಕೂತರೆ ಪ್ರಾರ್ಥನೆ ಶುರು ಮಾಡುವವರಿಲ್ಲ. ತಟ್ಟೆಯ ಮುಂದೆ ಕಣ್ಣು ಮುಚ್ಚಿ ಕಾದು, ಅನ್ನ ಆರಿದ ಮೇಲೆ ತಿನ್ನುವಳು. ಚರ್ಚಿನಲ್ಲಿ ಹತ್ತು ಜನರ ದನಿಯೊಳಗೆ ತನ್ನ ದನಿ ಸೇರಿಸಬಹುದಿತ್ತು. ಮನೆಯಲ್ಲಿ ದೇವರೆದುರು ಬಾಯಿಗೆ ಬೀಗ.

ಒಂದು ಬೆಳಿಗ್ಗೆ ಬೇಕರಿಯವನು ಹೊಸಿಲಲ್ಲಿ ನಿಂತ. "ಅಕ್ಕಾ, ಕೇಳೋಕೆ ನಾಲಿಗೆ ಬರ್ತಿಲ್ಲ. ಭಾನುವಾರ ಮಗಳ ಮದುವೆ. ಬಟ್ಟೆ ಕೊಟ್ರೆ ಪೇಟೆಯೋನ ಹತ್ರ ಹೊಲಿಸ್ಕೋತೀನಿ."

ಮಡಚಿ ಕೊಟ್ಟರೆ ತಲೆನೋವು ಅಲ್ಲಿಗೇ ಮುಗಿಯುತ್ತಿತ್ತು. ಅಂಗಡಿಯೂ ಅಲ್ಲಿಗೇ ಮುಗಿಯುತ್ತಿತ್ತು. "ಸಂಜೆ ಬಾ" ಎಂದಳು.

ಹಳೆಯ ಹೊದಿಕೆಯೊಂದನ್ನು ಹಾಸಿ, ಮೇಷ್ಟ್ರ ದೊಡ್ಡ ಕತ್ತರಿಯನ್ನು ಮೊದಲ ಸಲ ಕೈಗೆತ್ತಿಕೊಂಡಳು. ಕತ್ತರಿ ಕಚ್ಚಲಿಲ್ಲ. ಬಟ್ಟೆ ಎರಡು ಅಲಗುಗಳ ನಡುವೆ ಮಡಚಿಕೊಂಡಿತು. ಒತ್ತಿ ಹಿಡಿದರೆ ಹಲ್ಲಿಲ್ಲದ ಮುದುಕ ರೊಟ್ಟಿ ಜಗಿದಂತೆ ಜಗಿಯಿತು. ಹೆಬ್ಬೆರಳು ಕೆಂಪಾಯಿತು. ನಾದಿನಿ ಕೇಳಿದ್ದಕ್ಕೆ ದೇವರ ಉತ್ತರ ಇದೇ ಇರಬೇಕು, ಈ ಕೈಗೆ ಇಷ್ಟೇ ಬರೆದದ್ದು ಎಂದುಕೊಂಡಳು. ಬೇಕರಿಯವನ ಬಟ್ಟೆಯನ್ನು ಮಡಚಲೆಂದು ಕತ್ತರಿಯನ್ನು ಎಡಗೈಗೆ ದಾಟಿಸಿದಳು. ಹಿಡಿಕೆ ಬೆರಳಿಗೆ ಮೆತ್ತಗೆ ಕೂತುಕೊಂಡಿತು.

ಮೇಷ್ಟ್ರು ಎಡಚ. ಅವರ ಕತ್ತರಿ ಎಡಗೈಗೆಂದೇ ಹೇಳಿ ಮಾಡಿಸಿದ್ದು.

ಇಡೀ ಬಾಳು ಅವರ ಎಡಮೊಣಕೈ ತಾಗದಂತೆ ಮೈ ಹಿಡಿಮಾಡಿಕೊಂಡು ನಿಂತವಳು ಅವರ ಕೈ ಯಾವುದೆಂಬುದನ್ನೇ ಮರೆತಿದ್ದಳು. ನಗು ಬಂತು, ನಗುವಿನ ಬಾಲ ಹಿಡಿದು ಅಳುವೂ ಬಂತು. "ಬೇರೆಯೋರ ಕತ್ತರಿ ಎತ್ಕೊಂಡು ನಿನ್ನನ್ನ ದೂರಿದೆನಲ್ಲ, ಕರ್ತನೇ" ಎಂದಳು. ಹಾಗೆ ಎಂದ ಮೇಲೆ ಗೊತ್ತಾಯಿತು, ಬಾಯಿ ತೆರೆದಿದೆ ಎಂದು.

ಬೇಕರಿಯವನ ಬಟ್ಟೆಯ ಮೇಲೆ ಅಂಗೈ ಊರಿದಳು. ಅವರ ಮಾತು ನೆನಪಿಸಿಕೊಳ್ಳಲು ನೋಡಿದಳು, ಒಂದೂ ಬರಲಿಲ್ಲ. "ಆಮೆನ್" ಎಂದಳು. "ನನಗೆ ಬರೋದು ಇದೊಂದೇ. ಇದರ ಹಿಂದಿನದನ್ನ ನೀನೇ ಹಾಕ್ಕೋ."

ತನ್ನ ಹೊಲಿಗೆ ಡಬ್ಬಿಯಿಂದ ನೂಲು ಕತ್ತರಿಸುವ ಪುಟ್ಟ ಕತ್ತರಿ ತೆಗೆದಳು. ಇರುವೆ ಎಲೆ ಕೊರೆದಂತೆ ಗೆರೆ ಹಿಡಿದು ಹೊರಟಳು. ಗೆರೆ ಜಾರಿದಲ್ಲಿಗೆ ಬಂದಾಗ ಕೈ ನಿಂತಿತು. ಮುಂದಿನ ದಾರಿ ತೋರಿಸುವವರಿಲ್ಲ. ಚಾಕ್ ತೆಗೆದುಕೊಂಡು ಕೊರಳಿನ ಉಳಿದ ತಿರುವನ್ನು ತಾನೇ ಎಳೆದಳು, ಕತ್ತರಿಸಿದಳು. ಸಂಜೆ ಬಂದವನಿಗೆ "ಶುಕ್ರವಾರ ಬಾ" ಎಂದು ಹೇಳುವಷ್ಟು ಧೈರ್ಯ ಬಂದಿತ್ತು.

ಶುಕ್ರವಾರ ಅವನು ಕೋಟು ತೊಟ್ಟು ಕನ್ನಡಿಯ ಮುಂದೆ ತಿರುಗಿದ. "ಕೊರಳ ಹತ್ರ ಒಂಚೂರು ಸಡಿಲ ಅಲ್ವಾ ಅಕ್ಕಾ?"

"ಮಗಳು ಗಂಡನ ಮನೆಗೆ ಹೊರಟಾಗ ಗಂಟಲು ಉಬ್ಬುತ್ತಲ್ಲ, ಆಗ ಸರಿಹೋಗುತ್ತೆ."

ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಹೆಂಡತಿಗೆಂದು ತಂದಿದ್ದ ರವಿಕೆ ಬಟ್ಟೆಯನ್ನೂ ಮೇಜಿನ ಮೇಲಿಟ್ಟ. ಸೂಜಿಯಕ್ಕ ಅದನ್ನು ಹರಡತೊಡಗಿದಳು.

"ಇಷ್ಟುದ್ದ ಮೇಜು ಇಟ್ಕೊಂಡು ಆ ತುದೀಲಿ ಯಾಕಕ್ಕಾ ಮುದುರಿ ನಿಂತಿದ್ದೀರಿ? ಈ ಕಡೆ ಬೆಳಕಿದೆ, ಬನ್ನಿ."

ಅವಳು ಬಗ್ಗಿ ನೋಡಿಕೊಂಡಳು. ಎಡತುದಿಗೆ ಅಂಟಿ ನಿಂತಿದ್ದಳು. ಮೇಷ್ಟ್ರು ನಿಲ್ಲುತ್ತಿದ್ದ ನಡುವಿನ ಜಾಗ ಖಾಲಿಯಿತ್ತು.

"ಇರಲಿ ಬಿಡಪ್ಪ" ಎಂದಳು. "ನನಗೆ ಇಲ್ಲೇ ರೂಢಿ."

ಅವನು ಹೋದ ಮೇಲೆ ಬಟ್ಟೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಕಾದಳು. ಆಮೇಲೆ ತಾನೇ ಶುರು ಮಾಡಿದಳು.