ಹೊಸ್ತಿಲು ದಾಟದ ಪರೀಕ್ಷೆ

ಬಿಟಿಎಂನಲ್ಲಿ ಒಂದು ಬಾಡಿಗೆ ಮನೆ. ಮನೆ ಅಂದರೆ ಏನು, ಒಂದು ರೂಮು, ಒಂದು ಅಡುಗೆಕೋಣೆ. ಅಲ್ಲಿ ಓದೋದಕ್ಕೆ ಜಾಗ ಹುಡುಕೋದು ಅಂದರೆ ಸಂತೆಯಲ್ಲಿ ನಿದ್ದೆಗೆ ಜಾಗ ಹುಡುಕಿದ ಹಾಗೆ. ದಾನಮ್ಮ ಹುಡುಕಿದಳು. ಬೀರು ಪಕ್ಕ ಪ್ಲಾಸ್ಟಿಕ್ ಕುರ್ಚಿ, ಹೊಲಿಗೆ ಮಿಷನ್ನಿನ ಮೇಲೆ ಹಳೇ ಲ್ಯಾಪ್‌ಟಾಪು. ಅದೇ ಅವಳ ಕಾಲೇಜು.

ಬಾಗಲಕೋಟೆ ಕಡೆಯವಳು. ಪಿಯುಸಿ ಮುಗಿಯೋ ಹೊತ್ತಿಗೇ ಮದುವೆ ಮಾಡಿಬಿಟ್ಟರು. ಈಗ ಜಯನಗರದ ಹಲ್ಲಿನ ಕ್ಲಿನಿಕ್ಕಲ್ಲಿ ರಿಸೆಪ್ಷನ್ ಕೆಲಸ. ಅವಳ ಹತ್ತಿರ ಕೆಲಸ ಕಲಿತ ಹುಡುಗಿಯರು ಡಿಗ್ರಿ ತೋರಿಸಿ ಅವಳಿಗೇ ಮೇಲಿನವರಾದರು. ಹೊಟ್ಟೆ ಉರಿಯೋಲ್ವೇ? ಉರಿಯಿತು. ಆನ್‌ಲೈನ್ ಬಿಕಾಂಗೆ ಸೇರಿಕೊಂಡಳು. ಗಂಡ ಹಣಮಪ್ಪ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. "ಒಂದ್ ಸಲ ಪರೀಕ್ಷಾ ಬರದು ನೋಡು. ಆಗ್ಲಿಲ್ಲಂದ್ರ ಸುಮ್ನ ಬಿಟ್ಟು ಮನಿ ಕಡೆ ನೋಡು" ಅಂದ. ಆ ಮಾತು ಅವಳ ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಅತ್ತೆ ಶಂಕ್ರವ್ವನದು ಇನ್ನೊಂದು ರಾಗ. "ಮನ್ಯಾಗ ಕುಂತು ಕಾಲೇಜ್ ಕಲಿಯೋದು ನಾ ಎಲ್ಲೂ ಕೇಳಿಲ್ಲ" ಅಂತ ಅಕ್ಕಪಕ್ಕದವರ ಹತ್ತಿರ ನಗಾಡೋರು.

ಪರೀಕ್ಷೆ ಭಾನುವಾರ, ಮನೆಯಿಂದಲೇ. ಕ್ಯಾಮೆರಾ ನೋಡುತ್ತಿರುತ್ತೆ, ರೂಮಿಗೆ ಇನ್ನೊಬ್ಬರು ಬಂದರೆ ಪರೀಕ್ಷೆ ಅಲ್ಲಿಗೇ ಬಂದ್. ಕರೆಂಟ್ ಹೋದರೆ ಅಂತ ಪಕ್ಕದ ಮನೆಯ ಯುಪಿಎಸ್‌ನಿಂದ ವೈರು ಎಳೆಸಿಕೊಂಡಳು. ಗಂಡನನ್ನು ಹೊರಗೆ ಕಳಿಸಿದಳು. ಅತ್ತೆಗೂ ಹೇಳಿದಳು: "ಅತ್ತಿ, ನಾ ಬರಿಯೂಮುಂದ ಮಾತಾಡಬ್ಯಾಡ್ರಿ." ಅಷ್ಟೇ ಹೇಳಿದ್ದು ನೋಡಿ. ಒಳಗೆ ಬರಬೇಡಿ ಅನ್ನೋದಕ್ಕೆ ನಾಲಿಗೆ ಏಳಲಿಲ್ಲ. ಹಿರಿಯರಿಗೆ ಅವರ ಮನೆಯಲ್ಲೇ ಹಾಗನ್ನೋದುಂಟೇ? ಬಾಗಿಲು ಮುಂದಕ್ಕೆ ಹಾಕಿದಳು, ಚಿಲಕ ಹಾಕಲಿಲ್ಲ.

ಅವರ ಕಡೆ ಒಂದು ಪದ್ಧತಿ. ಒಳ್ಳೆ ಕೆಲಸಕ್ಕೆ ಹೊರಟವರನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಹಿರಿಯರು ಊರ ದೇವರ ಭಂಡಾರ, ಅಂದರೆ ಪೂಜೆಯ ಅರಿಶಿನಪುಡಿ, ಹಣೆಗೆ ಹಚ್ಚಬೇಕು. ಇಷ್ಟು ದಿನ ನಗಾಡಿದ ಶಂಕ್ರವ್ವ ಅವತ್ತು ಬೆಳಿಗ್ಗೆ ಸ್ನಾನ ಮಾಡಿ, ಭಂಡಾರ ಹಿಡಿದು ಹೊರಬಾಗಿಲ ಹೊಸ್ತಿಲಲ್ಲಿ ಕಾದರು. ಮನೆಯಲ್ಲೇ ಬರೆದರೂ ಇಲ್ಲಿಗೆ ಬಂದು ಹಚ್ಚಿಸಿಕೊಂಡೇ ಕೂರುತ್ತಾಳೆ ಅಂತ ಅವರ ಲೆಕ್ಕ. ಎಲ್ಲಿಗೂ ಹೊರಡಬೇಕಿಲ್ಲದ ದಾನಮ್ಮನಿಗೆ ಅದರ ನೆನಪೇ ಆಗಲಿಲ್ಲ. ಎಷ್ಟು ಹೊತ್ತಾದರೂ ಬರಲಿಲ್ಲವಲ್ಲ ಅಂತ ಅತ್ತೆ ರೂಮಿಗೆ ಇಣುಕಿದರೆ ಆಗಲೇ ಬರೆಯುತ್ತಿದ್ದಾಳೆ. ಅಯ್ಯೋ, ಬರೀ ಹಣೆಯಲ್ಲಿ ಕೂತುಬಿಟ್ಟಳಲ್ಲ ಅಂತ ಹಿರಿಜೀವ ತಳಮಳಿಸಿತು.

ಒಳಗೆ ಬಂದರು. ಮಾತಾಡಬೇಡಿ ಅಂದಿದ್ದಳಲ್ಲ, ತುಟಿಪಿಟಕ್ಕೆನ್ನಲಿಲ್ಲ. ಹಿಂದಿನಿಂದ ಕೈ ಚಾಚಿ ಹಣೆಗೆ ಭಂಡಾರ ಹಚ್ಚಿ, ತಲೆ ಸವರಿ, ಹಾಗೇ ಹೊರಗೆ ಹೋದರು. ಪರದೆಯ ಮೇಲೆ ಕೆಂಪಕ್ಷರ ಬಂತು. ಪ್ರಶ್ನೆಪತ್ರಿಕೆ ಮಾಯ.

ದಾನಮ್ಮ ತಕ್ಷಣ ಹೆಲ್ಪ್‌ಲೈನಿಗೆ ಫೋನ್ ಮಾಡಿದಳು.

"ಮೇಡಂ, ಹಿಂದೆ ಬಂದೋರು ಆನ್ಸರ್ ಹೇಳ್ಕೊಟ್ರಾ?" ಅಂದಳು ಆ ಕಡೆಯ ಹುಡುಗಿ.

"ಅವ್ರು ನಮ್ಮತ್ತಿ ರೀ. ಅವರಿಗೆ ಓದಾಕ ಬರಿಯಾಕ ಬರಂಗಿಲ್ಲ. ಭಂಡಾರ ಹಚ್ಚಾಕ ಬಂದಿದ್ರು."

"ಸಾರಿ ಮೇಡಂ, ರೂಲ್ಸು. ಇನ್ನು ಮುಂದಿನ ಸೆಮಿಸ್ಟರಲ್ಲೇ ಬರೀಬೇಕು."

ಫೋನಿಟ್ಟು ತಿರುಗಿದರೆ ಶಂಕ್ರವ್ವ ಬಾಗಿಲಲ್ಲೇ ನಿಂತಿದ್ದಾರೆ.

"ನನ್ನಿಂದ ಹೋತೇನು?"

ಇಲ್ಲ ಅನ್ನಬೇಕು ಅಂತ ದಾನಮ್ಮ ಬಾಯಿ ತೆರೆದಳು, ಅಳು ಬಂತು. ಸಿಟ್ಟು ಬಂದಿತ್ತು, ಅಷ್ಟೇ ಸಂಕಟವೂ ಆಗಿತ್ತು. ಯಾರನ್ನ ಅಂತ ಬೈಯೋದು?

ಮಧ್ಯಾಹ್ನ ಹಣಮಪ್ಪ ಬಂದ. ಚಪ್ಪಲಿ ಬಿಡುತ್ತಲೇ "ಏನಾತು?" ಅಂದ. "ಪರೀಕ್ಷಾ ಅರ್ಧಕ್ಕ ಬಂದ್ ಆತು" ಅಂದಳು ದಾನಮ್ಮ. ಒಂದು ಸಲ ಬರೆದು ನೋಡು ಅಂದಿದ್ದ, ಆ ಒಂದು ಸಲ ಮುಗಿದುಹೋಗಿತ್ತು.

ಶಂಕ್ರವ್ವ ಅಡುಗೆಕೋಣೆಯಿಂದ ಬಂದು ಇಬ್ಬರ ನಡುವೆ ನಿಂತರು.

"ಕೆಡಿಸಿದಾಕಿ ನಾನು. ಆಕಿ ಇನ್ನೂ ಪರೀಕ್ಷಾನ ಬರದಿಲ್ಲ. ಮತ್ತ ಕೂಡ್ತಾಳ. ನೀ ಬ್ಯಾಡಂದ್ರ ನಾ ಈ ಮನ್ಯಾಗ ಉಣ್ಣಂಗಿಲ್ಲ."