ಮಾಮ ನಡೆಸಿ ನೋಡಿದ ಲ್ಯಾಪ್‌ಟಾಪು

ಹಳೆಯ ಲ್ಯಾಪ್‌ಟಾಪನ್ನು ಅಂಗಡಿಗೆ ಕೊಟ್ಟು ಹೊಸದು ತರೋಣವೆಂದು ನಿನ್ನೆ ಕಪಾಟಿನ ಮೇಲಿಂದ ಇಳಿಸಿ ತೆರೆದೆ. ಕುಸುಬೆ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಲ್ಯಾಪ್‌ಟಾಪಿಗೂ ಕುಸುಬೆ ಎಣ್ಣೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದನ್ನು ಆರಿಸಿದವನು ನನ್ನ ಸೋದರಮಾವ, ಔರಾದ ಸೀಮೆಯ ಎತ್ತಿನ ದಲಾಲ.

ಎರಡು ಮಳೆಗಾಲ ಕೈಕೊಟ್ಟ ವರ್ಷ ಅದು. ಊರಿನ ಅರ್ಧ ಮನೆಗಳಿಗೆ ಬೀಗ. ಅಪ್ಪ ಅವ್ವ ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೊರಟಿದ್ದರು, ನನ್ನ ಗಂಟೂ ಕಟ್ಟಿಯಾಗಿತ್ತು. ಅಷ್ಟರಲ್ಲಿ ಭಾಲ್ಕಿಯ ಕಚೇರಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು: ಗುಳೆ ಹೋದವರ ಪಟ್ಟಿ ಮಾಡುವುದು. ಸೋಮವಾರದೊಳಗೆ ಸ್ವಂತ ಲ್ಯಾಪ್‌ಟಾಪು ತರಬೇಕೆಂಬುದೊಂದೇ ಷರತ್ತು. ತರದಿದ್ದರೆ ಆ ಪಟ್ಟಿಯಲ್ಲಿ ನನ್ನದೂ ಒಂದು ಹೆಸರು.

ನಾನು ರ‍್ಯಾಮ್, ಪ್ರೊಸೆಸರ್, ಹಾರ್ಡ್‌ಡಿಸ್ಕ್ ಎಂದು ಬಾಯಿಪಾಠ ಮಾಡಿಕೊಂಡೆ. ಅರ್ಥ ಕೇಳಬೇಡಿ, ಮಗ್ಗಿಯನ್ನು ಅರ್ಥ ತಿಳಿದು ಕಲಿತವರು ಯಾರಿದ್ದಾರೆ? ದನದ ಸಂತೆ ನಿಂತು ಕೈಗೆ ಕೆಲಸವಿಲ್ಲದ ಮಾಮ, "ಜೋಡಿ ಆರಿಸ್ಲಿಕ್ಕ ನಾ ಬರ್ತೇನಿ" ಎಂದು ರುಮಾಲು ಸುತ್ತಿ ನನ್ನ ಜೊತೆ ಬೀದರದ ಬಸ್ಸು ಹತ್ತಿದ.

"ಜೋಡಿ ಅಲ್ಲ ಮಾಮಾ, ಒಂದೇ."

"ಒಂಟಿ ಯಾರು ತಗೋತಾರ ಅವ್ವಾ?"

ಅಂಗಡಿಯಲ್ಲಿ ಅವನು ಒಂದೊಂದರ ಬಾಯಿ ತೆಗೆಸಿ, ಕೀಲಿಮಣೆಯ ಮೇಲೆ ಬೆರಳಾಡಿಸಿ, "ಹಲ್ಲು ಪೂರಾ ಅವ" ಎಂದ. ಕೊನೆಗೆ ತೀರಾ ತೆಳ್ಳಗಿನದೊಂದನ್ನು ಎತ್ತಿ ಹಿಡಿದ. "ಬರಗಾಲದಾಗ ಮೈ ತುಂಬಿದ್ದು ತಗೋಬಾರದು. ಉಂಡು ಬೆಳದದ್ದು ಉಪಾಸ ತಾಳಂಗಿಲ್ಲ. ಈ ಬಡಕಲ ಕೊಡ್ರಿ."

ಅಂಗಡಿಯ ಭಾಯ್ ಮುಖ ಅರಳಿತು. "ಚಾಚಾ, ಇದೇ ಎಲ್ಲಕ್ಕಿಂತ ಮೆಹಂಗಾ ಅದರಿ. ತೆಳ್ಳಗಾದಷ್ಟೂ ರೇಟ್ ಜಾಸ್ತಿ."

ಮಾಮ ಸ್ಟೂಲಿನ ಮೇಲೆ ಕುಸಿದು ಕುಳಿತ. "ಬಡಕಲಕ್ಕ ಜಾಸ್ತಿ ರೇಟ? ಹಂಗಾದ್ರ ನಮ್ಮೂರ ದನಾ ಎಲ್ಲಾ ನಾಳಿ ನಿಮ್ಮ ಅಂಗಡಿ ಮುಂದ ತಂದು ಕಟ್ಟಲೇನು?"

ಮಾನ ಉಳಿಸಿಕೊಳ್ಳಲು ನಾನು "ರ‍್ಯಾಮ್ ಎಷ್ಟದರಿ?" ಎಂದೆ. "ಹಂಗಂದ್ರೇನು?" ಎಂದು ಮಾಮ ನನ್ನನ್ನೇ ಕೇಳಿದ. ನಾನು ತಲೆಯ ಮೇಲಿನ ಫ್ಯಾನು ನೋಡಿದೆ. ಭಾಯ್‌ಗೆ ನನ್ನ ಮೇಲೆ ಕರುಣೆ ಬಂದಿರಬೇಕು.

"ಹತ್ತಿ ಬಿಡಿಸುವಾಗ ಹೆಣ್ಣಮಕ್ಕಳು ಉಡಿ ಕಟ್ಕೋತಾರಲ್ಲ ಚಾಚಾ, ಅದು ರ‍್ಯಾಮ್. ಮನ್ಯಾಗ ತುಂಬಿಡೋ ಕೋಣಿ ಹಾರ್ಡ್‌ಡಿಸ್ಕ್. ಉಡ್ಯಾಗಿಂದು ಕೋಣ್ಯಾಗ ಹಾಕೂದು ಸೇವ್. ಹಾಕೂಕಿಂತ ಮೊದಲ ಬಂದ್ ಆದ್ರ ಉಡಿ ಚೆಲ್ತದ."

ಡಿಗ್ರಿ ಮುಗಿಸಿದ ನನಗೂ ಅದು ತಿಳಿದದ್ದು ಅಂದೇ.

"ಮೇವಿಲ್ಲದ ಎಷ್ಟೊತ್ತು ದುಡೀತದ?" ಎಂದ ಮಾಮ. ನಮ್ಮೂರಲ್ಲಿ ಕರೆಂಟೆಂದರೆ ನೆಂಟ, ಬಂದರೆ ಬಂದ. ಭಾಯ್ ಒಳಗಿನಿಂದ ದಪ್ಪ ಬ್ಯಾಟರಿಯ, ಮೂಲೆ ಮುರಿದ, ಬಳಸಿದ ಮಾಲೊಂದನ್ನು ತಂದ. ನಡೆಸಿ ನೋಡದೆ ಮಾಮ ಏನನ್ನೂ ಕೊಂಡವನಲ್ಲ. ತೆರೆದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ನಾಲ್ಕು ರಸ್ತೆ ಕೂಡುವ ಚೌಬಾರಾ ಗೋಪುರದವರೆಗೆ ನಡೆದ. ಹಿಂದೆ ಭಾಯ್, ಅವನ ಹಿಂದೆ ಸೆರಗಿನಲ್ಲಿ ಮುಖ ಮುಚ್ಚಿದ ನಾನು. ತಿರುಗಿ ಬಂದರೂ ಪರದೆ ಆರಿರಲಿಲ್ಲ. "ಮೊಂಡ ಅಲ್ಲ" ಎಂದವನೇ ಜೇಬಿನಿಂದ ಶೀಸೆ ತೆಗೆದು, ಎತ್ತಿನ ಕೋಡಿಗೆ ಸವರುವಂತೆ ಅದರ ಮಡಿಚುವ ಕೀಲಿಗೆ ಕುಸುಬೆ ಎಣ್ಣೆ ಸವರಿದ. ಭಾಯ್ ಕಣ್ಣು ಮುಚ್ಚಿಕೊಂಡ.

ಸೋಮವಾರ ಅದನ್ನೇ ಹೊತ್ತು ಕೆಲಸಕ್ಕೆ ಹೋದೆ, ನಾನು ಊರಲ್ಲೇ ಉಳಿದೆ. ಹದಿನೈದು ದಿನಕ್ಕೆ ಮಾಮನೇ ಹೈದರಾಬಾದಿಗೆ ಹೋದ. ನಮ್ಮೂರ ಪಟ್ಟಿ ಮಾಡುವಾಗ ಉಳಿದವರನ್ನೆಲ್ಲ ಸೇವ್ ಮಾಡಿ ಕೊನೆಗೆ ಅವನ ಹೆಸರು ಟೈಪು ಮಾಡಿದೆ. ಸೇವ್ ಮಾಡಿದರೆ ಅವನು ಹೋದದ್ದು ಕಾಯಂ ಆಗುತ್ತದೆ ಎನಿಸಿ ಅಳು ಬಂತು. ಸೇವ್ ಮಾಡದೆ ಹಾಗೇ ಮುಚ್ಚಿದೆ. ಮರುದಿನ ಮತ್ತೆ ಟೈಪು, ಮತ್ತೆ ಮುಚ್ಚುವುದು. ಹುಚ್ಚು ಎನ್ನಿ, ಪರವಾಗಿಲ್ಲ.

ಮಳೆ ಬಿದ್ದ ಮೇಲೆ ಮಾಮ ಬಂದ. ಬಾಗಿಲಲ್ಲೇ ನಿಂತು, "ನನ್ನ ಹೆಸರೂ ಕೋಣ್ಯಾಗ ಹಾಕ್ದಿ ಏನವ್ವಾ?" ಎಂದ.

"ಇಲ್ಲ ಮಾಮಾ. ಉಡ್ಯಾಗೇ ಇಟ್ಕೊಂಡಿದ್ದೆ."

ಆ ಪಟ್ಟಿ ಈಗಲೂ ಇದರೊಳಗಿದೆ, ಅವನ ಹೆಸರೊಂದೇ ಇಲ್ಲ. ನಿನ್ನೆ ಅಂಗಡಿಗೆ ಹೋಗಲಿಲ್ಲ. ಅಡುಗೆಮನೆಯಿಂದ ಒಂದು ಹನಿ ಕುಸುಬೆ ಎಣ್ಣೆ ತಂದು ಅದೇ ಕೀಲಿಗೆ ಸವರಿದೆ.