ಮೆಣಸಿನ ಹೊಲಕ್ಕಿಳಿದ ವಿಮಾನ

ಗೆಳೆಯರೇ, ಇವತ್ತು ಹಾನಗಲ್ಲಿನ ಹೊರಗೆ ಒಂದು ಸಣ್ಣ ವಿಮಾನ ಎಂಜಿನ್ ಕೆಟ್ಟು ಹೊಲದಲ್ಲಿ ಇಳಿಯಿತು. ಪತ್ರಿಕೆಯಲ್ಲಿ ವಿಮಾನದ ಚಿತ್ರ ಕಂಡರೆ ಕತ್ತರಿಸಿ ಗೋಡೆಗೆ ಅಂಟಿಸುವ ಮಾಸ್ತರ ನಾನು, ಸುಮ್ಮನಿರುತ್ತೇನೆಯೇ? ಶಾಲೆ ಬಿಟ್ಟ ಕೂಡಲೇ ಸೈಕಲ್ ಹತ್ತಿದೆ.

ಹೋಗಿ ನೋಡಿದರೆ ಪೈಲಟ್ ರೆಕ್ಕೆಯ ಕೆಳಗೆ ಪೆಚ್ಚಾಗಿ ನಿಂತಿದ್ದ. ಎದುರಿಗೆ ಹೊಲದ ಒಡತಿ ಗಂಗವ್ವ, ಕೈಯಲ್ಲಿ ಕುಡುಗೋಲು. ಅವನಿಗೆ ಕನ್ನಡ ಬಾರದು, ಅವಳಿಗೆ ಇಂಗ್ಲಿಷು ಬಾರದು.

"ಚಲೋ ಬಂದ್ರಿ ಮಾಸ್ತರ! ಇವಂಗ ಇಂಗ್ಲೀಷಿನ್ಯಾಗ ಬೈರಿ. ನನ್ನ ಮೆಣಸಿನಗಿಡ ಎಲ್ಲಾ ತುಳದಾನ!" ಎಂದಳು.

ನಾನು ಬೈಗುಳವನ್ನು ಆದಷ್ಟು ಮೆತ್ತಗೆ ಮಾಡಿ ಹೇಳಿದೆ. ಪೈಲಟ್ ಕೈಮುಗಿದು ಕ್ಷಮೆ ಕೇಳಿದ. ಬೆಳಗಿನಿಂದ ಏನೂ ತಿಂದಿಲ್ಲವೆಂದೂ ಹೇಳಿದ.

"ಅಯ್ಯ, ಮದಲ ಹೇಳಬಾರದ? ಕುಂಡ್ರು ಅನ್ರಿ," ಎಂದು ಗಂಗವ್ವ ಕುಡುಗೋಲು ಬದಿಗಿಟ್ಟು ಬುತ್ತಿ ಬಿಚ್ಚಿದಳು. ರೊಟ್ಟಿ, ಮೇಲೆ ಕೆಂಪು ಮೆಣಸಿನಕಾಯಿ ಚಟ್ನಿ. ಒಂದೇ ತುತ್ತಿಗೆ ಪೈಲಟ್ಟನ ಕಣ್ಣಿಂದ ನೀರು ಸುರಿಯತೊಡಗಿತು.

ಗಂಗವ್ವನ ಕರುಳು ಚುರ್ ಎಂದಿತು. "ಅಳಬ್ಯಾಡ ಅನ್ರಿ ಮಾಸ್ತರ. ಗಿಡ ಹೋದ್ರ ಹೋಗ್ಲಿ, ಮತ್ತ ಹಚ್ಚತೇನಿ."

ಎಂಜಿನ್, ವೇಗ, ಎತ್ತರ ಎಂದು ನೂರು ಪ್ರಶ್ನೆ ಇಟ್ಟುಕೊಂಡು ಹೋಗಿದ್ದೆ. ಅಷ್ಟು ದೂರ ಸೈಕಲ್ ತುಳಿದಿದ್ದಕ್ಕೆ ಪೈಲಟ್ ಬಾಯಿಂದ ಆಮೇಲೆ ನನಗೆ ಸಿಕ್ಕಿದ್ದು ಒಂದೇ ಮಾತು: "ವಾಟರ್!"